ಒಡೆಯರಪಾಳ್ಯದಲ್ಲಿ ಒಂದು ರಾತ್ರಿ ತಂಗಲು ದೆಹಲಿಯ ಅಪ್ಪಣೆ ಏಕೆ?

ಜರ್ಮನಿಯಿಂದ ಬಂದ ಪ್ರವಾಸಿಯೊಬ್ಬ ಮೈಸೂರಿನಿಂದ ಸೈಕಲ್ ತುಳಿಯುತ್ತ ಹೊರಟು, ನಂಜನಗೂಡು ದಾಟಿ ಕವಲಂದೆ ಮುಟ್ಟುವ ಹೊತ್ತಿಗೆ ಕತ್ತಲಾಯಿತು ಎಂದಿಟ್ಟುಕೊಳ್ಳೋಣ. ಊರಿನ ಯಾರಾದರೂ ಮನೆಗೆ ಕರೆದು ಮುದ್ದೆ-ಸಾರು ಬಡಿಸಿ ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟರೆ ಕಾನೂನು ಅಡ್ಡ ಬರುವುದಿಲ್ಲ. ಉಳಿಸಿಕೊಂಡ ಮನೆಯವರು 24 ಗಂಟೆಯೊಳಗೆ ‘ಫಾರಂ ಸಿ’ ಎಂದೇ ರೂಢಿಯಾಗಿರುವ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಅಷ್ಟೆ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಸಂಖ್ಯೆ, ಎಲ್ಲಿಂದ ಬಂದರು, ಎಷ್ಟು ದಿನ ಇರುತ್ತಾರೆ, ಇಲ್ಲಿಂದ ಮುಂದೆ ಎಲ್ಲಿಗೆ ಎಂಬ ವಿವರಗಳು ಅದರಲ್ಲಿರುತ್ತವೆ. ಮರುದಿನ ಆತ ಚಾಮರಾಜನಗರ, ಕೊಳ್ಳೇಗಾಲ ಹಾದು, ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿಗೆ ಹೋಗುತ್ತಾನೆ. ಹಗಲು ಹೊತ್ತು ಸುತ್ತಾಡಿ ಬರುವವರನ್ನು ಇಂಥ ಕ್ಯಾಂಪುಗಳಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಆದರೆ ಅಲ್ಲಿನ ಯಾರಾದರೂ ‘ಇವತ್ತು ಇಲ್ಲೇ ಇದ್ದು ನಾಳೆ ಹೋಗಿ’ ಎಂದರೆ ಲೆಕ್ಕ ಬದಲಾಗುತ್ತದೆ. ರಾತ್ರಿ ಉಳಿಯಲು ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ, ಅಂದರೆ ಪಿಎಪಿ ಬೇಕು. ಅದು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಬೈಲುಕುಪ್ಪೆ, ಹುಣಸೂರು ತಾಲ್ಲೂಕಿನ ಗುರುಪುರ, ಉತ್ತರ ಕನ್ನಡದ ಮುಂಡಗೋಡ ಎಲ್ಲದಕ್ಕೂ ಇದೇ ನಿಯಮ. ಈ ನಿಯಮ ತನ್ನ ಕೆಲಸ ಮುಗಿಸಿದೆ, ಇನ್ನು ಅದನ್ನು ತೆಗೆಯಬೇಕು ಎಂಬುದು ನನ್ನ ವಾದ.

ಮೊದಲು ಈ ಕ್ಯಾಂಪುಗಳು ಬಂದ ಬಗೆ. 1959ರ ಮಾರ್ಚಿನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ತವಾಂಗ್ ಮಾರ್ಗವಾಗಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಹತ್ತಾರು ಸಾವಿರ ನಿರಾಶ್ರಿತರು ಬಂದರು. ನೆಲ ಕೊಡಿ ಎಂದು ನೆಹರೂ ಸರ್ಕಾರ ರಾಜ್ಯಗಳನ್ನು ಕೇಳಿದಾಗ ಕೈ ಬಿಚ್ಚಿ ಕೊಟ್ಟ ರಾಜ್ಯ ಆಗಿನ ಮೈಸೂರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಸಿಕ್ಕಿತು. ಅರವತ್ತರ ದಶಕದ ಮೊದಲಲ್ಲೇ ಅಲ್ಲಿ ಕಾಡು ಕಡಿದು ಜೋಳ ಬಿತ್ತುವ ಕೆಲಸ ಶುರುವಾಯಿತು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಯಾಕ್ ಮೇಯಿಸಿಕೊಂಡಿದ್ದ ಜನ ಮೈಸೂರು ಸೀಮೆಯ ಬಿಸಿಲಲ್ಲಿ ಕಾಡಾನೆ ಕಾಯುತ್ತ ಬದುಕು ಕಟ್ಟಿದರು. 1966ರಲ್ಲಿ ಮುಂಡಗೋಡ, ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಗುರುಪುರ ಮತ್ತು ಒಡೆಯರಪಾಳ್ಯ ನೆಲೆಗೊಂಡವು. ಟಿಬೆಟ್ಟಿನ ಮಹಾ ವಿಹಾರಗಳು ಇಲ್ಲಿ ಮತ್ತೆ ಎದ್ದವು. ಸೆರಾ, ತಾಶಿ ಲುನ್ಪೊ ಬೈಲುಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡದಲ್ಲಿ, ಗ್ಯೂಮೆ ತಾಂತ್ರಿಕ ವಿದ್ಯಾಪೀಠ ಗುರುಪುರದಲ್ಲಿ, ಝೊಗ್ಚೆನ್ ಒಡೆಯರಪಾಳ್ಯದಲ್ಲಿ. ಟಿಬೆಟನ್ ಬೌದ್ಧ ತರ್ಕಶಾಸ್ತ್ರವನ್ನು ಬುಡದಿಂದ ಕಲಿಯಬೇಕೆಂದರೆ ಇವತ್ತು ಜಗತ್ತಿನಲ್ಲಿ ಕರ್ನಾಟಕಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಭಿಮಾನದ ಮಾತಲ್ಲ ಇದು. ಲಾಸಾದ ಮೂಲ ವಿಹಾರಗಳಲ್ಲಿ ಎಷ್ಟು ಮಂದಿ ಭಿಕ್ಷುಗಳಿರಬೇಕು, ಏನು ಓದಬೇಕು ಎಂಬುದನ್ನೆಲ್ಲ ಚೀನೀ ಸರ್ಕಾರವೇ ತೀರ್ಮಾನಿಸುತ್ತದೆ.

ಇಂಥ ಕಡೆ ರಾತ್ರಿ ಉಳಿಯುವುದಕ್ಕೆ ಏಕಿಷ್ಟು ಮಹತ್ವ ಎಂದು ಕೇಳಬಹುದು. ಸೆರಾ ವಿಹಾರದ ಅಂಗಳವನ್ನೇ ನೋಡಿ. ಸಂಜೆಯಾಗುತ್ತಿದ್ದಂತೆ ಕಡುಗೆಂಪು ವಸ್ತ್ರದ ಭಿಕ್ಷುಗಳು ಜೋಡಿ ಜೋಡಿಯಾಗಿ ಸೇರುತ್ತಾರೆ. ಒಬ್ಬ ನೆಲದ ಮೇಲೆ ಕೂತಿರುತ್ತಾನೆ. ಇನ್ನೊಬ್ಬ ನಿಂತು ಪ್ರಶ್ನೆ ಎಸೆಯುತ್ತಾನೆ, ಪ್ರಶ್ನೆ ಮುಗಿಯುವಾಗ ಬಲಗೈಯನ್ನು ಎತ್ತಿ ಎಡಗೈ ಮೇಲೆ ಚಟೀರೆಂದು ಬಡಿದು ಎಡಗಾಲನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ಉತ್ತರ ತಡವರಿಸಿದರೆ ಸುತ್ತಲಿದ್ದವರು ಗದ್ದಲವೆಬ್ಬಿಸುತ್ತಾರೆ. ಈ ವಾದ ರಾತ್ರಿಯವರೆಗೂ ಎಳೆಯುತ್ತದೆ. ಇದರಲ್ಲಿ ಪಳಗಿ ಗೆಶೆ ಪದವಿ ಪಡೆಯಲು ಎರಡು ದಶಕದಷ್ಟು ಓದು ಬೇಕು. ಹಗಲಿನಲ್ಲಿ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ, ಬುದ್ಧನ ವಿಗ್ರಹದ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಹೊರಡುವವರಿಗೆ ಪಿಎಪಿಯ ಗೊಡವೆಯೇ ಇಲ್ಲ. ನಿಜಕ್ಕೂ ಕಲಿಯಲು, ಕಲಿಸಲು, ಚಿಕಿತ್ಸೆ ಕೊಡಲು ಬರುವವರಿಗೆ, ಅಂದರೆ ನಾವು ಕರೆದು ಕೂರಿಸಬೇಕಾದವರಿಗೇ ಅದು ಅಡ್ಡಗಾಲು.

ಪಿಎಪಿಯ ಹಿಂದಿನ ತರ್ಕ ಗಡಿಯ ತರ್ಕ. ಚೀನಾ, ಮ್ಯಾನ್ಮಾರ್, ಪಾಕಿಸ್ತಾನಗಳ ಗಡಿಗೆ ಅಂಟಿಕೊಂಡ ಪ್ರದೇಶಗಳಿಗೆ ವಿದೇಶಿಯರು ಹೇಳದೆ ಕೇಳದೆ ಹೋಗಬಾರದೆಂದು 1958ರಲ್ಲಿ ಸಂರಕ್ಷಿತ ಪ್ರದೇಶಗಳ ಆದೇಶ ಬಂತು. ಅದರಲ್ಲಿ ತಪ್ಪಿಲ್ಲ, ಗಡಿ ಇರುವ ಎಲ್ಲ ದೇಶಗಳೂ ಒಂದಲ್ಲ ಒಂದು ಬಗೆಯಲ್ಲಿ ಹಾಗೆ ಮಾಡುತ್ತವೆ. ಆದರೆ ಬೈಲುಕುಪ್ಪೆಯಿಂದ ಟಿಬೆಟ್ಟಿನ ಗಡಿ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರ. ಒಡೆಯರಪಾಳ್ಯದಿಂದ ಹತ್ತಿರವಿರುವ ಗಡಿ ಯಾವುದೆಂದರೆ ತಮಿಳುನಾಡಿನದು. ಗಡಿಯ ಬುಡದಲ್ಲೇ ಇರುವ ಲಡಾಖ್‌ನಲ್ಲಿ ಏನು ನಡೆಯುತ್ತದೆ ನೋಡಿ. ಪ್ಯಾಂಗಾಂಗ್ ಸರೋವರದ ಮೇಲೇ ವಾಸ್ತವ ನಿಯಂತ್ರಣ ರೇಖೆ ಹಾದುಹೋಗಿದೆ. 2020ರಲ್ಲಿ ಎರಡೂ ಸೇನೆಗಳು ಅದರ ದಂಡೆಯಲ್ಲೇ ಎದುರುಬದುರು ನಿಂತವು. ಅದೇ ಪ್ಯಾಂಗಾಂಗ್‌ಗೆ ಹೋಗಬೇಕೆನ್ನುವ ವಿದೇಶಿಯರು ಲೇಹ್ ಪೇಟೆಯ ಟ್ರಾವೆಲ್ ಏಜೆಂಟ್ ಕೈಗೆ ಪಾಸ್‌ಪೋರ್ಟ್ ಪ್ರತಿ ಕೊಟ್ಟರೆ ಸಾಮಾನ್ಯವಾಗಿ ಒಂದು ದಿನದಲ್ಲಿ ಪರವಾನಗಿ ಬರುತ್ತದೆ. ಸಿಕ್ಕಿಂ ಪ್ರವೇಶದ ಪರವಾನಗಿ ರಂಗ್‌ಪೋ ಚೆಕ್‌ಪೋಸ್ಟಿನಲ್ಲೇ ಸಿಗುತ್ತದೆ. ಇನ್ನು ದಲೈ ಲಾಮಾ ಅವರೇ ವಾಸವಿರುವ, ಟಿಬೆಟನ್ನರ ದೇಶಭ್ರಷ್ಟ ಆಡಳಿತದ ಕೇಂದ್ರವಾಗಿರುವ ಧರ್ಮಶಾಲೆಗೆ ಯಾವ ಪರವಾನಗಿಯೂ ಬೇಡ. ಅಲ್ಲಿ ಬೀದಿಗೊಂದರಂತೆ ವಿದೇಶಿಯರಿಗೇ ಕಟ್ಟಿದ ವಸತಿಗೃಹಗಳಿವೆ. ಅತಿ ಸೂಕ್ಷ್ಮ ಜಾಗಕ್ಕೆ ಬಾಗಿಲು ತೆರೆದಿಟ್ಟು, ಜೋಳದ ಹೊಲಗಳ ನಡುವಿನ ಕ್ಯಾಂಪಿಗೆ ತಿಂಗಳುಗಟ್ಟಲೆ ಕಾಯಿಸುವುದು ಭದ್ರತಾ ನೀತಿ ಅಲ್ಲ. ಯಾರೋ ಎಂದೋ ಬರೆದಿಟ್ಟ ಟಿಪ್ಪಣಿಯನ್ನು ಯಾರೂ ತಿರುಗಿ ನೋಡದೆ ಬಿಟ್ಟದ್ದರ ಫಲ.

ಇದರ ಬಿಸಿ ತಟ್ಟುವುದು ಯಾರಿಗೆ? ಪ್ರವಾಸಿ ಇ-ವೀಸಾದಲ್ಲಿ 30 ದಿನದ್ದೊಂದು ಬಗೆ ಇದೆ. ಪಿಎಪಿ ಅರ್ಜಿ ದೆಹಲಿಯಲ್ಲಿರುವ ದಲೈ ಲಾಮಾ ಅವರ ಬ್ಯೂರೋ ಮೂಲಕ ಗೃಹ ಸಚಿವಾಲಯಕ್ಕೆ ಹೋಗಿ, ವಿಚಾರಣೆ ಮುಗಿದು ವಾಪಸಾಗುವಷ್ಟರಲ್ಲಿ ಇಂಥ ವೀಸಾದ ಅವಧಿಯೇ ಮುಗಿದಿರುತ್ತದೆ. ಪರಸ್ಥಳದ ಪ್ರವಾಸಿಗಾದರೆ ಇನ್ನೊಂದು ಊರು ಉಂಟು, ಅತ್ತ ಹೋಗುತ್ತಾನೆ. ಟಿಬೆಟನ್ನರ ಪಾಡು ಹಾಗಲ್ಲ. ಕಳೆದ ಮೂರು ದಶಕಗಳಲ್ಲಿ ಈ ಕ್ಯಾಂಪುಗಳ ಯುವಜನ ಅಮೆರಿಕ, ಕೆನಡಾ, ಸ್ವಿಟ್ಜರ್ಲೆಂಡ್, ಫ್ರಾನ್ಸ್ ಎಂದು ಚದುರಿದ್ದಾರೆ. ಅಲ್ಲಿನ ಪೌರತ್ವ ಸಿಕ್ಕಿದೆ. ಹುಟ್ಟಿದ್ದು ಬೈಲುಕುಪ್ಪೆಯಲ್ಲಿ, ಓದಿದ್ದು ಅಲ್ಲಿನ ಶಾಲೆಯಲ್ಲಿ, ಕನ್ನಡದಲ್ಲಿ ಚೌಕಾಸಿ ಮಾಡುವುದನ್ನು ಕಲಿತದ್ದು ಕುಶಾಲನಗರದ ಸಂತೆಯಲ್ಲಿ. ಆದರೆ ಪಾಸ್‌ಪೋರ್ಟ್ ಹೊರದೇಶದ್ದು. ಹಾಗಾಗಿ ಹಾಸಿಗೆ ಹಿಡಿದ ತಾಯಿಯ ಮನೆಯಲ್ಲಿ ರಾತ್ರಿ ಮಲಗಲು ಮಗಳು ದೆಹಲಿಯ ಅಪ್ಪಣೆ ಪಡೆಯಬೇಕು. ಸಾವಿಗೆ ಎರಡು ತಿಂಗಳ ಮುಂಗಡ ಸೂಚನೆ ಇರುವುದಿಲ್ಲವಲ್ಲ! ಕ್ಯಾಂಪುಗಳು ವರ್ಷದಿಂದ ವರ್ಷಕ್ಕೆ ಮುದುಕರ ಊರುಗಳಾಗುತ್ತಿರುವ ಈ ಹೊತ್ತಿನಲ್ಲಿ ಇದು ಒಂದೆರಡು ಮನೆಗಳ ಕಷ್ಟವಾಗಿ ಉಳಿದಿಲ್ಲ. 2008ರ ನಂತರ ಟಿಬೆಟ್ಟಿನಿಂದ ಹೊಸದಾಗಿ ತಪ್ಪಿಸಿಕೊಂಡು ಬರುವವರೂ ಬೆರಳೆಣಿಕೆಗೆ ಇಳಿದಿದ್ದಾರೆ. ಹೊರಗೆ ಹೋದ ಮಕ್ಕಳ ಬರುಹೋಗುವಿಕೆಯೇ ಈ ಊರುಗಳನ್ನು ಉಳಿಸಿರುವ ಜೀವನಾಡಿ.

ಈಗ ಹಿಮಾಲಯದ ಆಚೆಗೆ ನೋಡೋಣ. ಟಿಬೆಟ್ ಸ್ವಾಯತ್ತ ಪ್ರದೇಶ ಎಂದು ಚೀನಾ ಕರೆಯುವ ಭಾಗದಲ್ಲಿ ವಿದೇಶಿಯರು ಒಂಟಿಯಾಗಿ ತಿರುಗುವಂತಿಲ್ಲ. ಚೀನೀ ವೀಸಾ ಸಾಲದು. ಏಜೆನ್ಸಿ ಮೂಲಕವೇ ಪ್ರವಾಸ ಗೊತ್ತುಮಾಡಿ, ಗೈಡನ್ನು ಜೊತೆಗಿಟ್ಟುಕೊಂಡು, ಟಿಬೆಟ್ ಪ್ರವಾಸಿ ಪರವಾನಗಿ ಪಡೆಯಬೇಕು. ಲಾಸಾದಿಂದಾಚೆ ದೂರದ ಜಿಲ್ಲೆಗಳಿಗೆ ಹೋಗಲು ಪೊಲೀಸರದು ಇನ್ನೊಂದು ಕಾಗದ, ಕೈಲಾಸವಿರುವ ನ್ಗಾರಿಯಂಥ ಗಡಿ ಭಾಗಕ್ಕೆ ಸೇನೆಯದು ಮತ್ತೊಂದು. 2008ರ ಮಾರ್ಚಿನ ಪ್ರತಿಭಟನೆಗಳ ನಂತರ ಹಿಡಿತ ಇನ್ನೂ ಬಿಗಿಯಾಯಿತು, ಫೆಬ್ರವರಿ-ಮಾರ್ಚಿನಲ್ಲಂತೂ ಬಾಗಿಲೇ ಮುಚ್ಚುವುದು ವಾಡಿಕೆಯಾಯಿತು. ಪತ್ರಕರ್ತರಿಗೆ ಸರ್ಕಾರವೇ ಕರೆದೊಯ್ಯುವ ಪ್ರವಾಸ ಬಿಟ್ಟರೆ ಬೇರೆ ದಾರಿ ಕಡಿಮೆ. ನೇಪಾಳದಿಂದ ನೆಲಮಾರ್ಗದಲ್ಲಿ ಹೋಗುವವರಿಗೂ ಗುಂಪು ವೀಸಾ, ನಿಗದಿತ ವಾಹನ, ನಿಗದಿತ ದಾರಿ. ನಮ್ಮ ಕೈಲಾಸ ಮಾನಸ ಸರೋವರ ಯಾತ್ರೆ ಐದು ವರ್ಷ ನಿಂತು 2025ರ ಜೂನ್‌ನಲ್ಲಿ ಮತ್ತೆ ಶುರುವಾದಾಗ ಲಿಪುಲೇಖ್ ಮತ್ತು ನಾಥು ಲಾ ಮಾರ್ಗಗಳೆರಡೂ ಸೇರಿ ಸರ್ಕಾರದ ಮೂಲಕ ಗೊತ್ತಾಗಿದ್ದ ಯಾತ್ರಿಕರ ಸಂಖ್ಯೆ 750. ಮಾನಸ ಸರೋವರಕ್ಕೆ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುವ ಸ್ವಾತಂತ್ರ್ಯ ಕನ್ನಡಿಗ ಶಿವಭಕ್ತನಿಗೂ ಇಲ್ಲ. ಈ ಅಡ್ಡಿಗಳನ್ನು ಪ್ರಶ್ನಿಸಿಯೇ ಅಮೆರಿಕ 2018ರಲ್ಲಿ ಕಾನೂನು ತಂದಿತು. ತನ್ನ ಪ್ರಜೆಗಳನ್ನು ಟಿಬೆಟ್ಟಿಗೆ ಬಿಡದ ಚೀನೀ ಅಧಿಕಾರಿಗಳಿಗೆ ತಾನೂ ವೀಸಾ ಕೊಡುವುದಿಲ್ಲ ಎಂಬುದು ಅದರ ತಿರುಳು.

ಹಾಗೆಂದು ಬೈಲುಕುಪ್ಪೆಯನ್ನೂ ಲಾಸಾವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಅಲ್ಲಿ ಪರವಾನಗಿ ಇರುವುದು ನಡೆಯುತ್ತಿರುವುದನ್ನು ಹೊರಗಿನವರು ನೋಡದಿರಲೆಂದು. ಇಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಕ್ಯಾಂಪಿನ ಭಿಕ್ಷು ದಲೈ ಲಾಮಾ ಭಾವಚಿತ್ರವನ್ನು ಗೋಡೆಗೆ ಹಾಕಿಕೊಳ್ಳಬಹುದು, ಟಿಬೆಟನ್ ದಂಗೆಯ ನೆನಪಿನ ದಿನವಾದ ಮಾರ್ಚ್ 10ರಂದು ಮೆರವಣಿಗೆ ಮಾಡಬಹುದು, ತನಗೆ ಬೇಕಾದ್ದನ್ನು ಓದಬಹುದು. ನನ್ನ ತಕರಾರು ಹುಟ್ಟುವುದೇ ಇಲ್ಲಿ. ಮುಚ್ಚಿಡಲು ಏನೂ ಇಲ್ಲದ ಸರ್ಕಾರ ಮುಚ್ಚಿಡುವ ಸರ್ಕಾರದಂತೆ ಏಕೆ ನಡೆದುಕೊಳ್ಳಬೇಕು? ಟಿಬೆಟನ್ ಸಂಸ್ಕೃತಿ ಎಲ್ಲಿ ಸ್ವತಂತ್ರವಾಗಿ ಉಸಿರಾಡುತ್ತಿದೆ ಎಂದು ಜಗತ್ತು ಕೇಳಿದರೆ ಭಾರತ ತೋರಿಸಬಹುದಾದ ಅತ್ಯುತ್ತಮ ಉತ್ತರ ಕರ್ನಾಟಕದಲ್ಲಿದೆ. ಆ ಉತ್ತರದ ಮುಂದೆಯೇ ನಾವು ಅರ್ಜಿ ನಮೂನೆ ಇಟ್ಟು ಕೂತಿದ್ದೇವೆ.

ಭದ್ರತೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ನಿಜ. ದಲೈ ಲಾಮಾ ಅವರಿಗೆ ತೊಂಬತ್ತು ದಾಟಿದೆ. ಉತ್ತರಾಧಿಕಾರಿಯ ವಿಷಯದಲ್ಲಿ ಬೀಜಿಂಗ್‌ಗೆ ಇರುವ ಆಸಕ್ತಿ ಗುಟ್ಟೇನಲ್ಲ, ವಿಹಾರಗಳೊಳಗೆ ಗೂಢಚಾರರು ನುಸುಳುವ ಭಯವೂ ಸುಳ್ಳಲ್ಲ. ಆದರೆ ಈ ಭಯಕ್ಕೆ ಪಿಎಪಿ ಮದ್ದೇ? ಕೆಟ್ಟ ಉದ್ದೇಶ ಇಟ್ಟುಕೊಂಡವನು ಅರ್ಜಿ ಗುಜರಾಯಿಸಿ ತಿಂಗಳುಗಟ್ಟಲೆ ಕಾಯುವುದಿಲ್ಲ. ಅವನು ಸುಳ್ಳು ಗುರುತಿನಲ್ಲಿ ಬರುತ್ತಾನೆ, ಅಥವಾ ಹಗಲಿನ ಪ್ರವಾಸಿಗರ ಗುಂಪಿನಲ್ಲಿ ಬೆರೆಯುತ್ತಾನೆ. ಅಂಥವನನ್ನು ಹಿಡಿಯುವುದು ಗುಪ್ತಚರ ಇಲಾಖೆಯ ಕೆಲಸ, ಅರ್ಜಿ ವಿಭಾಗದ್ದಲ್ಲ. ವೀಸಾ ಕೊಡುವಾಗಲೇ ಒಂದು ಪರಿಶೀಲನೆ ಆಗಿರುತ್ತದೆ. ತಂಗಿದ ಊರೂರಿನಲ್ಲೂ ಫಾರಂ ಸಿ ಇದೆ. ಕವಲಂದೆಯ ಮನೆಗೆ ಸಾಕಾಗುವ ಈ ಏರ್ಪಾಡು ಒಡೆಯರಪಾಳ್ಯದ ಮನೆಗೆ ಏಕೆ ಸಾಲದು? ಕೆಲವು ದೇಶಗಳ ಪ್ರಜೆಗಳ ಬಗ್ಗೆ ಮಾತ್ರ ಎಚ್ಚರ ಬೇಕೆಂದರೆ ಅದಕ್ಕೂ ಮೇಲ್ಪಂಕ್ತಿ ಇದೆ. 2010ರ ಕೊನೆಯಲ್ಲಿ ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್‌ಗಳಿಗೆ ಪಿಎಪಿ ಸಡಿಲಿಸಿದಾಗ ಚೀನಾ, ಪಾಕಿಸ್ತಾನ, ಅಫ್ಘಾನಿಸ್ತಾನದ ಪ್ರಜೆಗಳನ್ನು ಹೊರಗಿಟ್ಟು ಉಳಿದವರಿಗೆ ಬಾಗಿಲು ತೆರೆಯಲಾಯಿತು. 2024ರ ಡಿಸೆಂಬರ್‌ನಲ್ಲಿ ಆ ಮೂರೂ ರಾಜ್ಯಗಳಿಗೆ ನಿಯಮವನ್ನು ಮತ್ತೆ ಹೇರಲಾಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಮ್ಯಾನ್ಮಾರ್‌ನ ಅಂತರ್ಯುದ್ಧ ಗಡಿಯಾಚೆಗೇ ಉರಿಯುತ್ತಿರುವಾಗ, ಮಣಿಪುರವೇ ಹೊತ್ತಿಕೊಂಡಿದ್ದಾಗ ತೆಗೆದುಕೊಂಡ ತೀರ್ಮಾನ ಅದು. ಹನೂರಿನ ಗಡಿಯಾಚೆ ಇರುವುದು ಸತ್ಯಮಂಗಲದ ಕಾಡು. ಇನ್ನು ದಲೈ ಲಾಮಾ ಅವರು 2025ರ ಜನವರಿ-ಫೆಬ್ರವರಿಯಲ್ಲಿ ಬೈಲುಕುಪ್ಪೆಗೆ ಬಂದು ತಂಗಿದ್ದಂಥ ಸಂದರ್ಭ ಬಂದರೆ ಆ ದಿನಗಳ ಮಟ್ಟಿಗೆ ವಿಶೇಷ ನಿರ್ಬಂಧ ಹಾಕಲಿ, ಯಾರೂ ಬೇಡವೆನ್ನುವುದಿಲ್ಲ.

ಇದಕ್ಕಿಂತ ನನಗೆ ತೂಕದ್ದೆನಿಸುವ ಆಕ್ಷೇಪ ಬೇರೊಂದಿದೆ. ಪರವಾನಗಿ ತೆಗೆದರೆ ಕ್ಯಾಂಪುಗಳು ಧರ್ಮಶಾಲೆಯ ಮೆಕ್ಲಿಯೋಡ್‌ಗಂಜ್ ಪೇಟೆಯಂತೆ ಆಗುತ್ತವೆ, ವಿಹಾರಗಳ ಶಿಸ್ತು ಕೆಡುತ್ತದೆ, ಹೊಲಗಳೆಲ್ಲ ಹೋಂಸ್ಟೇ ಆಗುತ್ತವೆ ಎಂಬ ಆತಂಕ. ಧ್ಯಾನ, ಅಧ್ಯಯನಕ್ಕೆ ಸದ್ದಿಲ್ಲದ ಜಾಗ ಬೇಕೆನ್ನುವ ಹಿರಿಯರ ಮಾತನ್ನು ತಳ್ಳಿಹಾಕಲಾರೆ. ಆದರೆ ಬೈಲುಕುಪ್ಪೆಯ ಜನಜಂಗುಳಿಯನ್ನು ಒಂದು ಭಾನುವಾರ ನೋಡಿದವರಿಗೂ ಗೊತ್ತು, ಅದು ನಮ್ಮದೇ ಜನ, ಬೆಂಗಳೂರು-ಮೈಸೂರುಗಳಿಂದ ಮಡಿಕೇರಿಗೆ ಹೋಗುವ ಕಾರುಗಳ ಜನ. ಅವರನ್ನು ತಡೆಯಲು ಪಿಎಪಿಗೆ ಅಧಿಕಾರವೂ ಇಲ್ಲ. ಕಟ್ಟಡಗಳ ಮೇಲೆ ಹಿಡಿತ ಇರಬೇಕಾದ್ದು ನೆಲದ ಗುತ್ತಿಗೆಯ ಷರತ್ತುಗಳಿಂದ. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿಯೇ ಕ್ಯಾಂಪುಗಳ ಭೂಮಿಯ ಗುತ್ತಿಗೆಯ ಬಗ್ಗೆ ಹೇಳುತ್ತದೆ. ಅಲ್ಲಿ ಬಿಗಿ ಮಾಡಲಿ. ವಿಹಾರದ ಅತಿಥಿಗೃಹದಲ್ಲಿ ಯಾರಿರಬೇಕೆಂದು ವಿಹಾರವೇ ತೀರ್ಮಾನಿಸಲಿ, ಗೃಹ ಸಚಿವಾಲಯ ಏಕೆ? ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು, ಈಗಿನ ನಿಯಮದಿಂದ ಲಾಭ ಆಗುವವರೂ ಇದ್ದಾರೆ. ಬೈಲುಕುಪ್ಪೆಯಲ್ಲಿ ರಾತ್ರಿ ಉಳಿಯಲಾಗದ ವಿದೇಶಿಯರು ಕಾವೇರಿ ದಾಟಿ ಕುಶಾಲನಗರದ ಲಾಡ್ಜಿನಲ್ಲಿ ಮಲಗುತ್ತಾರೆ. ಒಡೆಯರಪಾಳ್ಯಕ್ಕೆ ಅಂಥ ಪೇಟೆ ಮಗ್ಗುಲಲ್ಲಿಲ್ಲ. ಕೊಳ್ಳೇಗಾಲಕ್ಕೆ ವಾಪಸು ಬರಬೇಕು. ಹಾಗಾಗಿ ಅತ್ತ ಹೋಗುವವರೇ ಕಡಿಮೆ. ನಾಲ್ಕು ಕ್ಯಾಂಪುಗಳಲ್ಲಿ ಅತಿ ಮೂಲೆಗೆ ಬಿದ್ದಿರುವ ಅದಕ್ಕೇ ಹೆಚ್ಚು ಪೆಟ್ಟು.

ನಮ್ಮ ಕಡೆ ಕೇಳಿಬರುವ ಇನ್ನೊಂದು ಮಾತೂ ಇದೆ. ಪರದೇಶದವರಿಗೆ ಸಾವಿರಾರು ಎಕರೆ ಕೊಟ್ಟಿರಿ, ನಮ್ಮ ಭೂಹೀನರಿಗೆ ಏನು ಕೊಟ್ಟಿರಿ, ಈಗ ಅವರ ನೆಂಟರಿಷ್ಟರ ಅನುಕೂಲವನ್ನೂ ನಾವೇ ನೋಡಬೇಕೆ ಎಂಬುದು. ಭೂಹೀನರ ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರಿಸಬೇಕಾದ್ದು ವಿಧಾನಸೌಧ, ಒಡೆಯರಪಾಳ್ಯವಲ್ಲ. ಈ ವಲಸೆಯಿಂದ ನಮಗೆ ದಕ್ಕಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಳ್ಳಿ ಹಳ್ಳಿಯ ಹೆಣ್ಣುಮಕ್ಕಳಿಗೆ ಇವತ್ತು ಸ್ವಸಹಾಯ ಸಂಘ ಗೊತ್ತು. ಆ ಮಾದರಿಯನ್ನು ಎಂಬತ್ತರ ದಶಕದಲ್ಲಿ ರೂಪಿಸಿದವರಲ್ಲಿ ಮುಖ್ಯವಾದದ್ದು ಮೈರಾಡ ಸಂಸ್ಥೆ. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದು ಅದರ ಮೂಲ ಹೆಸರು. 1968ರಲ್ಲಿ ಅದು ಹುಟ್ಟಿದ್ದೇ ಟಿಬೆಟನ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ಕ್ಯಾಂಪುಗಳಲ್ಲಿ ಕೆಲಸ ಕಲಿತು ಅದು ನಮ್ಮ ಹಳ್ಳಿಗಳಿಗೆ ಬಂತು. ಚಳಿಗಾಲ ಬಂತೆಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರುವ ಟಿಬೆಟನ್ ಹೆಂಗಸರು, ಕ್ಯಾಂಪಿನ ಹೊಲಗಳಲ್ಲಿ ದುಡಿಯುವ ನಮ್ಮ ಕೂಲಿಯವರು, ಅಲ್ಲಿನ ಅಂಗಡಿಗೆ ತರಕಾರಿ ಹಾಕುವ ರೈತರು, ಹೀಗೆ ಅರವತ್ತು ವರ್ಷಗಳಲ್ಲಿ ಬೆಳೆದ ಕೊಡುಕೊಳ್ಳುವಿಕೆ ಇದೆ. ಕ್ಯಾಂಪಿಗೆ ಜನ ಬಂದರೆ ಆಟೋದವನಿಗೂ ಬಾಡಿಗೆ ಸಿಗುತ್ತದೆ.

ಮಾಡಬೇಕಾದ್ದು ದೊಡ್ಡದೇನಲ್ಲ, ಸಂಸತ್ತಿನಲ್ಲಿ ಮಸೂದೆಯೂ ಬೇಕಿಲ್ಲ. 1946ರ ವಿದೇಶಿಯರ ಕಾಯ್ದೆ, 1939ರ ನೋಂದಣಿ ಕಾಯ್ದೆ ಮೊದಲಾದವನ್ನು ರದ್ದುಮಾಡಿ ಕೇಂದ್ರ ಸರ್ಕಾರ 2025ರಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ತಂದಿದೆ. ಅದು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಹಳೆಯ ಕಡತಗಳನ್ನು ಹೇಗೂ ಬಿಚ್ಚಿರುವಾಗ ಕರ್ನಾಟಕದ ನಾಲ್ಕು ಕ್ಯಾಂಪುಗಳನ್ನು ಪಿಎಪಿ ಪಟ್ಟಿಯಿಂದ ಕೈಬಿಡುವುದು ಆಡಳಿತಾತ್ಮಕ ಆದೇಶದಲ್ಲಿ ಮುಗಿಯುವ ಕೆಲಸ. ಅಷ್ಟು ಧೈರ್ಯ ಸಾಲದಿದ್ದರೆ ಪರವಾನಗಿ ಕೊಡುವ ಅಧಿಕಾರವನ್ನು ಲೇಹ್‌ನಲ್ಲಿರುವಂತೆ ಜಿಲ್ಲಾಡಳಿತಕ್ಕೆ ವಹಿಸಿ, ಒಂದು ವಾರದ ಗಡುವು ಹಾಕಲಿ. ಕ್ಯಾಂಪಿನಲ್ಲಿ ಹುಟ್ಟಿದವರಿಗೂ ಅವರ ಮಕ್ಕಳಿಗೂ ತಕ್ಷಣ ವಿನಾಯಿತಿ ಕೊಡಲಿ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯರೆಂಬುದನ್ನು ನಮ್ಮ ಹೈಕೋರ್ಟೇ 2013ರಲ್ಲಿ ಎತ್ತಿಹಿಡಿದಿದೆ. ಜನ್ಮದಿಂದ ಪೌರತ್ವವೇ ಸಲ್ಲುತ್ತಿದ್ದವರು ಮುಂದೆ ಬೇರೆ ದೇಶದ ಪಾಸ್‌ಪೋರ್ಟ್ ಪಡೆದರೆಂಬ ಕಾರಣಕ್ಕೆ ತಾಯಿಯ ಮನೆಗೆ ಪರವಾನಗಿ ಕೇಳುವುದು ಯಾವ ನ್ಯಾಯಕ್ಕೂ ಹೊಂದುವುದಿಲ್ಲ.

ಕೇಂದ್ರವನ್ನು ಕೇಳಬೇಕಾದ್ದು ರಾಜ್ಯ. ನೆಲ ಕೊಟ್ಟದ್ದು ಈ ರಾಜ್ಯ, ಆದ್ದರಿಂದ ಕೇಳುವ ಹಕ್ಕೂ ಅದಕ್ಕೇ ಹೆಚ್ಚು. ರಾಜ್ಯ ಸಂಪುಟ ಒಂದು ನಿರ್ಣಯ ಮಾಡಿ ಗೃಹ ಸಚಿವಾಲಯಕ್ಕೆ ಕಳಿಸಲಿ, ಅದರ ಬೆನ್ನಿಗೆ ನಮ್ಮ ಸಂಸದರು ನಿಲ್ಲಲಿ. ಬೈಲುಕುಪ್ಪೆ ಮತ್ತು ಗುರುಪುರ ಮೈಸೂರು-ಕೊಡಗು ಲೋಕಸಭಾ ಕ್ಷೇತ್ರದಲ್ಲಿವೆ, ಮುಂಡಗೋಡ ಉತ್ತರ ಕನ್ನಡದಲ್ಲಿದೆ, ಒಡೆಯರಪಾಳ್ಯವೂ ಕವಲಂದೆಯೂ ಚಾಮರಾಜನಗರ ಕ್ಷೇತ್ರದಲ್ಲಿವೆ. ಮೂವರು ಸಂಸದರು ಮುಂದಿನ ಅಧಿವೇಶನದಲ್ಲಿ ಒಂದೇ ಪ್ರಶ್ನೆ ಕೇಳಿದರೆ ಸಾಕು: ಪ್ಯಾಂಗಾಂಗ್‌ಗೆ ಒಂದು ದಿನ, ಬೈಲುಕುಪ್ಪೆಗೆ ತಿಂಗಳುಗಟ್ಟಲೆ, ಇದಕ್ಕೆ ಕಾರಣವೇನು? ಉತ್ತರವನ್ನು ಲಿಖಿತವಾಗಿ ಕೊಡುವಂತೆ ಸಚಿವರನ್ನು ಒತ್ತಾಯಿಸಲಿ.